ಗದ್ದುಗೆಯೂ ಕಣಜವೂ

1957ರ ಏಪ್ರಿಲ್ 5ರಂದು ಇ. ಎಂ. ಎಸ್. ನಂಬೂದಿರಿಪಾಡರು ಕೇರಳದ ಮುಖ್ಯಮಂತ್ರಿಗಳಾದರು. ಮತದಾನದ ಮೂಲಕವೇ ಅಧಿಕಾರಕ್ಕೆ ಬಂದ ಆ ಕಮ್ಯುನಿಸ್ಟ್ ಸರಕಾರ ಇಪ್ಪತ್ತೆಂಟು ತಿಂಗಳು ತುಂಬುವ ಮೊದಲೇ, 1959ರ ಜುಲೈ 31ರಂದು, ವಜಾ ಆಯಿತು. ಅದರ ಪತನದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬೀದಿಯ ಚಳವಳಿಯಿಂದ ತೊಡಗುತ್ತಾರೆ. ಅಕ್ಕಿಯಿಂದ ತೊಡಗುವುದು ಮೇಲೆಂದು ನನ್ನ ಎಣಿಕೆ.

ತೆಂಗು, ಮೆಣಸು, ರಬ್ಬರು, ಚಹಗಳನ್ನು ಹೇರಳವಾಗಿ ಬೆಳೆಯುವ ಆ ನೆಲ ತನ್ನ ಮಕ್ಕಳ ಊಟಕ್ಕೆ ಸಾಲುವಷ್ಟು ಭತ್ತವನ್ನು ಬೆಳೆಯದು. 1957ರಲ್ಲಿ ಕೇಂದ್ರವು ಆಂಧ್ರ, ಮದರಾಸು, ಮೈಸೂರು, ಕೇರಳಗಳನ್ನು ಒಂದೇ ಆಹಾರ ವಲಯವನ್ನಾಗಿ ಮಾಡಿದಾಗ ಕೇರಳ ನೆರೆಯವರ ಕಣಜದತ್ತ ನೋಡುತ್ತ ಕೂರಬೇಕಾಯಿತು. ಅಕ್ಕಿಯ ಬೆಲೆ ಏರಿತು. ಟೆಂಡರು ಕರೆಯದೆ, ಮದರಾಸಿನ ವರ್ತಕರ ಮೂಲಕ ಆಂಧ್ರದ ಅಕ್ಕಿಯನ್ನು ಕೊಂಡ ಸರಕಾರ ತನಿಖಾ ಆಯೋಗವನ್ನು ಎದುರಿಸಿತು. ಅವಸರವಿತ್ತೆಂಬುದೇನೋ ನಿಜ, ಆದರೂ ಬೊಕ್ಕಸದ ಹಣಕ್ಕೆ ಲೆಕ್ಕ ಕೇಳಿದವರದು ತಪ್ಪೆನ್ನಲಾರೆ.

ಬಂಡವಾಳವೂ ಹೊರಗಿನಿಂದಲೇ ಬರಬೇಕು. ಬಂಡವಾಳಶಾಹಿಯ ಕಡುವೈರಿಗಳೇ ಬಿರ್ಲಾ ಸಂಸ್ಥೆಯನ್ನು ಬರಮಾಡಿಕೊಂಡು, ಮಾವೂರಿನ ಕಾರ್ಖಾನೆಗೆ ಟನ್ನಿಗೆ ಒಂದು ರೂಪಾಯಿಯಂತೆ ಬಿದಿರು ಕೊಡಲು ಒಪ್ಪಿದರು. 1958ರಲ್ಲಿ ಚಂದನತ್ತೋಪಿನ ಗೇರುಬೀಜದ ಕಾರ್ಮಿಕರ ಮೇಲೆ ಗುಂಡು ಹಾರಿಸಿ ಇಬ್ಬರನ್ನು ಕೊಂದದ್ದೂ ಇದೇ ಸರಕಾರದ ಪೊಲೀಸರೇ.

ಅಧ್ಯಾಪಕನಾದ ನನ್ನ ಮನಸ್ಸನ್ನು ಹೆಚ್ಚು ಹಿಡಿಯುವುದು ಶಿಕ್ಷಣ ಮಸೂದೆ. ಅದನ್ನು ಮಂಡಿಸಿದ ಮಂತ್ರಿ ಜೋಸೆಫ್ ಮುಂಡಶ್ಶೇರಿಯವರು ಮಲಯಾಳದ ಹೆಸರಾಂತ ವಿಮರ್ಶಕರು, ಕಾಲೇಜಿನಲ್ಲಿ ಪಾಠ ಹೇಳಿದವರು. ಖಾಸಗಿ ಶಾಲೆಯ ಉಪಾಧ್ಯಾಯನ ಸಂಬಳ ಆಡಳಿತದವರ ಕೈಯಿಂದಲ್ಲ, ನೇರವಾಗಿ ಖಜಾನೆಯಿಂದ ಬರಲಿ ಎಂದರು. ತಿಂಗಳ ಕೊನೆಯಲ್ಲಿ ಮ್ಯಾನೇಜರರ ಮುಖ ನೋಡಿ ನಿಂತವನಿಗೆ ಇದರ ಬೆಲೆ ಗೊತ್ತು. ಆದರೆ ನೇಮಕದ ಆಯ್ಕೆಯೂ, ಶಾಲೆಯನ್ನೇ ವಶಪಡಿಸಿಕೊಳ್ಳುವ ಅಧಿಕಾರವೂ ಅದೇ ಮಸೂದೆಯಲ್ಲಿದ್ದವು. ಕ್ರೈಸ್ತ ಸಭೆಗಳೂ ನಾಯರ್ ಸಮಾಜವೂ ಒಂದಾಗಿ ಎದ್ದು ನಿಂತವು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯವನ್ನು ಕೇಳಿದರು. ತಿದ್ದುಪಡಿಯಾದ ಬಳಿಕವಷ್ಟೇ ಅಂಕಿತ ಬಿತ್ತು.

1959ರ ಜೂನಿನಲ್ಲಿ ಭೂಸುಧಾರಣೆಯ ಮಸೂದೆ ಶಾಸನಸಭೆಯನ್ನು ದಾಟಿತು. ಅದೇ ತಿಂಗಳು ಮನ್ನತ್ತು ಪದ್ಮನಾಭನ್ ಅವರ ನೇತೃತ್ವದಲ್ಲಿ ‘ವಿಮೋಚನಾ ಸಮರ’ ಭುಗಿಲೆದ್ದಿತು; ಅಂಗಮಾಲಿಯಲ್ಲಿ ಪೊಲೀಸರ ಗುಂಡಿಗೆ ಏಳು ಮಂದಿ ಬಲಿಯಾದರು. ಸರಕಾರದ ಕೈಗಳು ಶುಭ್ರವಾಗಿರಲಿಲ್ಲ. ಹಾಗೆಂದು, ಸಭೆಯಲ್ಲಿ ಬಹುಮತವಿದ್ದ ಮಂತ್ರಿಮಂಡಲವನ್ನು ದೆಹಲಿಯಿಂದ ಕಿತ್ತೊಗೆದದ್ದು ನ್ಯಾಯವೆನ್ನಲು ನನ್ನ ನಾಲಗೆ ಏಳದು.

1960ರ ಚುನಾವಣೆಯಲ್ಲಿ ಪಕ್ಷಕ್ಕೆ ಬಿದ್ದ ಮತಗಳ ಪ್ರಮಾಣ ಹೆಚ್ಚಿತು, ಸ್ಥಾನಗಳು ಕುಸಿದವು. ಭೂಮಸೂದೆ ಮುಂದಿನ ಸರಕಾರದ ಕೈಯಲ್ಲಿ ಬದಲಾವಣೆ ಹೊಂದಿ 1961ರಲ್ಲಿ ಕಾಯಿದೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಸದುರ್ಗ, ಕಾಸರಗೋಡು ತಾಲ್ಲೂಕುಗಳ ರೈತವಾರಿ ಜಮೀನುಗಳ ಮಟ್ಟಿಗೆ ಅಸಿಂಧುವೆಂದಿತು. 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೆ ಸೇರಿದ್ದ ನೆಲವದು. ಅಲ್ಲಿನ ಗೇಣಿದಾರರು ಇನ್ನೊಂದು ಕಾಯಿದೆಗಾಗಿ ಕಾಯಬೇಕಾಯಿತು.