ಅವಧಿಗೆ ಮುನ್ನ ಜನಿಸಿದ ಶಿಶುಗಳಿಗೆ ದಾನದ ಎದೆಹಾಲು

37 ವಾರ ತುಂಬುವ ಮೊದಲೇ ಜನಿಸಿದ ಶಿಶುವಿನ ಕರುಳು ಪೂರ್ಣವಾಗಿ ಪಕ್ವಗೊಂಡಿರುವುದಿಲ್ಲ. ತಾಯಿಗೂ ಆ ದಿನಗಳಲ್ಲಿ ಸಾಕಷ್ಟು ಹಾಲು ಬಾರದಿರುವುದುಂಟು. ಆಗ ಡಬ್ಬಿಯ ಹಾಲಿನ ಪುಡಿಯನ್ನು ಕೊಟ್ಟರೆ ಕರುಳಿನ ಗೋಡೆ ಕೊಳೆಯುವ ಮಾರಕ ರೋಗದ ಸಂಭವ ಹೆಚ್ಚು. ಬೇರೊಬ್ಬ ತಾಯಿ ದಾನವಿತ್ತ ಹಾಲಿನಿಂದ ಅದು ತಗ್ಗುತ್ತದೆ. ತಾಯಿಯ ಹಾಲು ದೊರೆಯದಿದ್ದಾಗ ಇಂತಹ ಶಿಶುಗಳಿಗೆ ದಾನದ ಹಾಲು ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

"ಅನ್ಯರ ಹಾಲು ನಮ್ಮ ಕೂಸಿಗೇಕೆ?" ಎಂದು ಹಿಂಜರಿಯುವ ಹಿರಿಯರನ್ನು ನಾವು ಬಲ್ಲೆವು. ರೋಗ ಅಂಟೀತೆಂಬ ಅಂಜಿಕೆ ಸಹಜವೇ. ಅದಕ್ಕಾಗಿಯೇ ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಇಲ್ಲವೆಂದು ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸಿ, ಮತ್ತೆ ಪರೀಕ್ಷಿಸಿ, ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಇಡುತ್ತಾರೆ. ಕುಲಗೋತ್ರದ ಅಳುಕನ್ನು ಮಾತ್ರ ಯಾವ ಯಂತ್ರವೂ ಕಳೆಯಲಾರದು. ಅದನ್ನು ಮನೆಯವರೇ ಬಿಡಬೇಕು.

ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಭಾರತದ ಮೊದಲ ಎದೆಹಾಲಿನ ಬ್ಯಾಂಕನ್ನು ತೆರೆದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ ಅಂತಹ ಕೇಂದ್ರವಿದೆ.

ಹಾಲಿನ ಸಂಸ್ಕರಣೆಗೆ ವೆಚ್ಚವಾಗುವುದು ದಿಟ. ಆದರೆ ಕರುಳಿನ ರೋಗ ತಗುಲಿದ ಶಿಶು ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಉಳಿಯಬೇಕಾದೀತು, ಶಸ್ತ್ರಚಿಕಿತ್ಸೆಯೂ ಬೇಕಾದೀತು. ಆಸ್ಪತ್ರೆಯ ಬಾಗಿಲಲ್ಲಿ ಕಾಯುವ ತಂದೆಯ ಕೂಲಿಯೂ ಅಷ್ಟು ದಿನ ತಪ್ಪುತ್ತದೆ. ಬಡ ಕುಟುಂಬಕ್ಕೆ ಇದು ಹೊಲ ಅಡವಿಡುವ ಮಾತು.

ಹಾಲು ಹೆಚ್ಚಿರುವ ಆರೋಗ್ಯವಂತ ಬಾಣಂತಿಯರು ತಮ್ಮ ಕೂಸಿಗೆ ಮೊದಲು ಉಣಿಸಿ, ಮಿಕ್ಕುದನ್ನು ದಾನವಾಗಿ ನೀಡಬಹುದು. ಅದಕ್ಕೆ ಹಣ ಪಡೆಯುವಂತಿಲ್ಲ. ಪರೀಕ್ಷೆಯಿಲ್ಲದೆ ನೆರೆಮನೆಯಿಂದ ಹಾಲು ತಂದು ಇಂತಹ ಶಿಶುವಿಗೆ ಕುಡಿಸುವುದು ಮಾತ್ರ ಸಲ್ಲದು.