ರಕ್ತದೊಳಗಿನ ಉದ್ರಿ ಲೆಕ್ಕ

ಬೆಳಗ್ಗೆ ಆರೂವರೆಗೆ ಮೊದಲ ಮುಳುಗು. ಮೇಲೆ ಬಂದು ತಿಂಡಿ. ಹತ್ತರ ಸುಮಾರಿಗೆ ಎರಡನೆಯದು, ಆಮೇಲೆ ಊಟ, ಒಂದು ಜೊಂಪು ನಿದ್ದೆ. ಮಧ್ಯಾಹ್ನ ಮೂರನೆಯದು, ಚಹಾ, ಹೊತ್ತು ಮುಳುಗುವ ಮುಂಚೆ ನಾಲ್ಕನೆಯದು. ಮರುದಿನವೂ ಇದೇ, ಅದರ ಮರುದಿನವೂ ಇದೇ. ಫಿಲಿಪ್ಪೀನ್ಸ್‌ನ ಸುಲು ಸಮುದ್ರದ ನಟ್ಟನಡುವಿನ ಟುಬ್ಬಟಾಹ ಹವಳದ ದಿಬ್ಬಗಳಿಗೆ ವಾರದ ಮಟ್ಟಿಗೆ ಹೊರಡುವ ಸ್ಕೂಬಾ ಹಡಗುಗಳ ದಿನಚರಿ ಹೆಚ್ಚುಕಡಿಮೆ ಹೀಗಿರುತ್ತದೆ. ದಡದಲ್ಲಿ ಕೂತು ಕೇಳಿದವರಿಗೆ ಮದುವೆಮನೆಯ ನೆಂಟರ ವೇಳಾಪಟ್ಟಿಯಂತೆ ಕಾಣಬಹುದು: ತಿನ್ನು, ಮಲಗು, ಎದ್ದು ಮತ್ತೆ ತಿನ್ನು. ಆದರೆ ನಡುನಡುವಿನ ಆ ಬಿಡುವುಗಳನ್ನು ನಿಗದಿ ಮಾಡುವುದು ಪ್ರಯಾಣಿಕರ ರಕ್ತದಲ್ಲಿ ಕರಗಿ ಕೂತಿರುವ ಸಾರಜನಕ.

ಪಲಾವಾನ್ ದ್ವೀಪದ ಪೋರ್ಟೊ ಪ್ರಿನ್ಸೆಸಾ ಬಂದರಿನಿಂದ ಟುಬ್ಬಟಾಹಕ್ಕೆ ಸುಮಾರು 150 ಕಿಲೋಮೀಟರ್. ರಾತ್ರಿ ಹೊರಟ ಹಡಗು ಹತ್ತು ಹನ್ನೆರಡು ಗಂಟೆ ಸಾಗಿ ಬೆಳಗಿಗೆ ಮುಟ್ಟುತ್ತದೆ. ಅಲ್ಲಿ ಊರಿಲ್ಲ, ಹೋಟೆಲಿಲ್ಲ. ಎರಡು ಉಂಗುರದಾಕಾರದ ಹವಳ ದಿಬ್ಬಗಳು, ಜೆಸ್ಸಿ ಬೀಜ್ಲಿ ಎಂಬ ಇನ್ನೊಂದು ಸಣ್ಣ ದಿಬ್ಬ, ಕಡಲಹಕ್ಕಿಗಳು ಗೂಡುಕಟ್ಟುವ ಮರಳಗುಡ್ಡೆಗಳು, ಒಂದು ಕಾವಲು ಠಾಣೆ, ಅಷ್ಟೇ. ಹೋಗಲು ಸಿಗುವ ಕಾಲವೂ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮಾತ್ರ. ಅದಕ್ಕೆ ಮೊದಲು ಅಮಿಹಾನ್ ಎಂದು ಅಲ್ಲಿಯವರು ಕರೆಯುವ ಈಶಾನ್ಯದ ಗಾಳಿ, ಆಮೇಲೆ ಹಬಾಗಟ್, ಅಂದರೆ ನೈರುತ್ಯ ಮಾರುತ. ನಮ್ಮ ಕರಾವಳಿಗೆ ಮುಂಗಾರು ಬಂದು ದೋಣಿಗಳು ದಡ ಸೇರುವ ಹೊತ್ತಿಗೆ ಸುಲು ಸಮುದ್ರವೂ ಬಾಗಿಲು ಹಾಕಿಕೊಳ್ಳುತ್ತದೆ.

ಈಗ ಸಾರಜನಕದ ಮಾತು. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78ರಷ್ಟು ಅದೇ. ನೆಲದ ಮೇಲೆ ಅದು ನಿರುಪದ್ರವಿ. ಒಳಹೋದದ್ದು ಹಾಗೇ ಹೊರಬರುತ್ತದೆ. ನೀರಿಗಿಳಿದರೆ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತಾ ಹೋಗುತ್ತದೆ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಸಿಲಿಂಡರಿನಿಂದ ಬರುವ ಉಸಿರೂ ಮೂರು ಪಟ್ಟು ದಟ್ಟ. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ. ಗೋಲಿ ಸೋಡಾ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಲಿ ಬಾಯಿಗೆ ಕಚ್ಚಿಕೊಂಡಿರುವ ತನಕ ಸೋಡಾ ತಿಳಿನೀರಿನಂತೆ ಸುಮ್ಮನಿರುತ್ತದೆ. ಹೆಬ್ಬೆರಳಿನಿಂದ ಒತ್ತಿದ ಮರುಕ್ಷಣ ಬುರುಬುರು. ಆಳದಿಂದ ಸರ್ರನೆ ಮೇಲೇರಿದ ಮನುಷ್ಯನ ಮೈಯಲ್ಲೂ ಹೀಗೆಯೇ ಗುಳ್ಳೆಗಳು ಏಳುತ್ತವೆ. ಕೀಲಿನಲ್ಲಿ ಎದ್ದರೆ ನೋವು, ಬೆನ್ನುಹುರಿಯಲ್ಲಿ ಎದ್ದರೆ ಲಕ್ವ.

ಇದಕ್ಕೆ ಲೆಕ್ಕ ಹಾಕಿಕೊಟ್ಟವರು ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ಆಡುಗಳನ್ನು. ಉಕ್ಕಿನ ಕೋಣೆಯೊಳಗೆ ಆಡುಗಳನ್ನು ಕೂಡಿ, ಗಾಳಿಯ ಒತ್ತಡ ಏರಿಸಿ, ಬೇರೆಬೇರೆ ವೇಗದಲ್ಲಿ ಇಳಿಸಿ ನೋಡಿದರು. ಗುಳ್ಳೆ ಕಾಟ ಕೊಟ್ಟ ಆಡು ಮುಂಗಾಲನ್ನು ಮಡಚಿ ಮೇಲೆತ್ತಿ ನಿಲ್ಲುತ್ತಿತ್ತು; ಬಾಯಿಲ್ಲದ ಪ್ರಾಣಿ ಅಷ್ಟು ಸ್ಪಷ್ಟವಾಗಿ ಉತ್ತರ ಹೇಳಿದ ಪ್ರಯೋಗ ವಿಜ್ಞಾನದಲ್ಲಿ ಅಪರೂಪ. 1908ರಲ್ಲಿ ಹಾಲ್ಡೇನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟು: ದೇಹ ಒಂದೇ ಬಾಟಲಿಯಲ್ಲ. ರಕ್ತ ಚೆನ್ನಾಗಿ ಹರಿಯುವ ಭಾಗಗಳು ಸಾರಜನಕವನ್ನು ಬೇಗ ತುಂಬಿಕೊಂಡು ಬೇಗ ಬಿಡುತ್ತವೆ. ಕೊಬ್ಬು, ಕೀಲುಗಳಂಥವು ನಿಧಾನ. ಹಾಲ್ಡೇನ್ ಐದು ಬಗೆಯ ಕಲ್ಪಿತ ಪೆಟ್ಟಿಗೆಗಳನ್ನಿಟ್ಟು ಲೆಕ್ಕ ಹಾಕಿದರು. ಅತಿ ನಿಧಾನದ್ದು ಅರ್ಧ ತುಂಬಲು ಅಥವಾ ಅರ್ಧ ಖಾಲಿಯಾಗಲು 75 ನಿಮಿಷ.

ಮುಂದೆ ಜೂರಿಚ್‌ನ ವೈದ್ಯ ಆಲ್ಬರ್ಟ್ ಬ್ಯೂಲ್‌ಮಾನ್ ಪೆಟ್ಟಿಗೆಗಳನ್ನು ಹದಿನಾರಕ್ಕೆ ಏರಿಸಿದರು. ಈಗ ಡೈವರ್‌ಗಳು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಎಷ್ಟೋ ಕಂಪ್ಯೂಟರುಗಳ ಒಳಗೆ ಓಡುವುದು ಅವರ ಲೆಕ್ಕವೇ. ಅದರಲ್ಲಿ ಅತಿ ನಿಧಾನದ ಪೆಟ್ಟಿಗೆ ಅರ್ಧ ಖಾಲಿಯಾಗಲು ಬೇಕಾದದ್ದು 635 ನಿಮಿಷ, ಹತ್ತೂವರೆ ಗಂಟೆಗೂ ಮಿಕ್ಕಿ. ವಾರದ ಯಾತ್ರೆಯ ಗುಟ್ಟೆಲ್ಲ ಈ ಅಂಕಿಯಲ್ಲಿದೆ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಒಂದೆರಡು ಮುಳುಗು ಹಾಕಿ ಸಂಜೆಗೆ ಮನೆ ಸೇರುವವರು ಅಂದಿನ ಸಾಲವನ್ನು ನಿದ್ದೆಯಲ್ಲಿ ಬಹುಪಾಲು ತೀರಿಸಿಬಿಡುತ್ತಾರೆ. ದಿನಕ್ಕೆ ನಾಲ್ಕರಂತೆ ಮುಳುಗುವವರ ಪಾಡು ಬೇರೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ ನಿನ್ನೆಯ ಬಾಕಿ ಇಂದಿನ ಪುಟಕ್ಕೆ ಬರುತ್ತದೆ, ಅದರ ಮೇಲೆ ಹೊಸ ಉದ್ರಿ. ನಾಲ್ಕನೆಯ ದಿನ ಬೆಳಗ್ಗೆ ನೀರಿಗಿಳಿಯುವವನು ತೇಲಾಡುತ್ತಾ, ಹಗುರಾಗಿ, ಅನುಭವಿಯ ಠೀವಿಯಲ್ಲಿ ಇಳಿಯುತ್ತಾನೆ. ಮೈ ಮಾತ್ರ ಮೊದಲ ದಿನಕ್ಕಿಂತ ಹೆಚ್ಚು ಹೊರೆ ಹೊತ್ತಿರುತ್ತದೆ.

ಬಾಕಿ ಬೆಳೆಯದಂತೆ ಒಂದು ಉಪಾಯವುಂಟು. ಅದರ ಹೆಸರು ನೈಟ್ರಾಕ್ಸ್: ಆಮ್ಲಜನಕವನ್ನು ಶೇಕಡಾ 32ಕ್ಕೆ ಏರಿಸಿ ಸಾರಜನಕವನ್ನು ಅಷ್ಟರಮಟ್ಟಿಗೆ ತಗ್ಗಿಸಿದ ಗಾಳಿ. ಇದನ್ನು ಉಸಿರಾಡುವವನು 20 ಮೀಟರ್ ಆಳದಲ್ಲಿದ್ದರೂ ಸಾರಜನಕದ ಲೆಕ್ಕಕ್ಕೆ ಸುಮಾರು 16 ಮೀಟರಿನಲ್ಲಿದ್ದಂತೆ. ಆದರೆ ಒತ್ತಡ ಮಿತಿಮೀರಿದರೆ ಆಮ್ಲಜನಕವೇ ವಿಷವಾಗಿ ನೀರಿನೊಳಗೆ ಫಿಟ್ಸ್ ಬರಬಹುದು. ಹಾಗಾಗಿ ಈ ಮಿಶ್ರಣದೊಂದಿಗೆ 33 ಮೀಟರಿಗಿಂತ ಕೆಳಗೆ ಹೋಗುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ನೋಡುವುದೇನನ್ನು? ಮುಖ್ಯವಾಗಿ ಒಂದು ಗೋಡೆಯನ್ನು. ಮೊಣಕಾಲುದ್ದದ ನೀರಿನ ಹವಳದ ಜಗಲಿ ಥಟ್ಟನೆ ಮುಗಿದು, 100 ಮೀಟರಿನಷ್ಟು ಗೋಡೆ ನೇರ ಕೆಳಕ್ಕೆ ಇಳಿಯುತ್ತದೆ. ಜಗಲಿಯ ಅಂಚಿನಾಚೆ ತೇಲಿದಾಗ ಬಾವಿಕಟ್ಟೆಯಿಂದ ಬಗ್ಗಿದಂತೆ ಹೊಟ್ಟೆಯಲ್ಲಿ ಸಣ್ಣ ಕಂಪನ ಹುಟ್ಟುವುದು ಸಹಜ. ಗೋಡೆಗೆ ಬಡಿದ ಪ್ರವಾಹ ಸೂಕ್ಷ್ಮಜೀವಿಗಳನ್ನು ಹೊತ್ತು ತರುತ್ತದೆ. ಅವನ್ನು ಸೋಸಿ ತಿನ್ನಲು ಬೀಸಣಿಗೆ ಹವಳಗಳು ಪ್ರವಾಹಕ್ಕೆ ಅಡ್ಡವಾಗಿ ಹರಡಿಕೊಂಡಿರುತ್ತವೆ. ಬರಿಗಣ್ಣಿಗೆ ಅವು ಬೂದಿಬಣ್ಣ, ಏಕೆಂದರೆ ಸೂರ್ಯನ ಬೆಳಕಿನ ಕೆಂಪನ್ನು ನೀರು ಮೊದಲ ಕೆಲವು ಮೀಟರುಗಳಲ್ಲೇ ಹೀರಿರುತ್ತದೆ. ಟಾರ್ಚ್ ಹಾಯಿಸಿದರೆ ಕುಂಕುಮದಷ್ಟು ಕೆಂಪು. ಫಿಲಿಪ್ಪೀನ್ಸ್‌ನಲ್ಲಿರುವ ಹವಳ ಜಾತಿಗಳಲ್ಲಿ ಸುಮಾರು ಶೇಕಡಾ 90ರಷ್ಟು ಇಲ್ಲಿ ಸಿಗುತ್ತವೆ. ಆಳದ ನೀಲಿಯಿಂದ ಶಾರ್ಕುಗಳು ಗೋಡೆಯ ಬಳಿ ಬಂದು, ನಮ್ಮನ್ನು ನೋಡಿ, ಆಸಕ್ತಿ ಕಳೆದುಕೊಂಡು ಹೋಗುತ್ತವೆ.

ಇಷ್ಟು ಉಳಿದಿರುವುದಕ್ಕೆ ದೂರವೇ ಕಾರಣ ಎನ್ನುವುದು ವಾಡಿಕೆ. ಅರ್ಧ ನಿಜ. ಹಾಯಿ, ಹುಟ್ಟುಗಳ ಕಾಲದಲ್ಲಿ ದೂರವೂ ಗಾಳಿಯೂ ಕಾವಲು ಕಾದವು. 1980ರ ದಶಕದಲ್ಲಿ ಎಂಜಿನ್ ದೋಣಿಗಳು ಬಂದವು. ಅವುಗಳಲ್ಲಿ ಡೈನಮೈಟ್, ಸೈನೈಡ್ ಹೊತ್ತವರೂ ಬಂದರು. ಆಗ ಕಾನೂನು ಬೇಕಾಯಿತು. 1988ರಲ್ಲಿ ಅಧ್ಯಕ್ಷೆ ಕೊರಾಜೋನ್ ಅಕಿನೋ ಇದನ್ನು ರಾಷ್ಟ್ರೀಯ ಸಾಗರ ಉದ್ಯಾನವೆಂದು ಘೋಷಿಸಿದರು. 1993ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗ 97,030 ಹೆಕ್ಟೇರಿನಲ್ಲಿ ಒಂದು ಮೀನನ್ನೂ ಹಿಡಿಯುವಂತಿಲ್ಲ. ಹವಳದ ಮೇಲೆ ಲಂಗರು ಬೀಳದಂತೆ ಹಡಗುಗಳನ್ನು ತೇಲುಬುರುಡೆಗಳಿಗೆ ಕಟ್ಟುತ್ತಾರೆ. ಕಾವಲು ಠಾಣೆಯಲ್ಲಿ ರೇಂಜರುಗಳು ತಿಂಗಳುಗಟ್ಟಲೆ ಇರುತ್ತಾರೆ, ಪ್ರವಾಸಿ ಹಡಗುಗಳಿಲ್ಲದ ಬಿರುಗಾಳಿಯ ಕಾಲದಲ್ಲಿಯೂ. ಈ ಹವಳವನ್ನು ನಿಜಕ್ಕೂ ಕಾಯುತ್ತಿರುವವರು ಇವರು ಎಂಬುದು ನನ್ನ ಎಣಿಕೆ.

ಆದರೂ 2013ರ ಜನವರಿ 17ರಂದು ಅಮೆರಿಕದ ನೌಕಾಪಡೆಯ ಯುಎಸ್‌ಎಸ್ ಗಾರ್ಡಿಯನ್ ದಕ್ಷಿಣದ ದಿಬ್ಬಕ್ಕೆ ಬಂದು ಹತ್ತಿಕೂತಿತು. ಸಮುದ್ರದಡಿಯ ಸ್ಫೋಟಕಗಳನ್ನು ಹುಡುಕುವುದೇ ಕಸುಬಾಗಿದ್ದ ಹಡಗಿಗೆ ಇಡೀ ದಿಬ್ಬ ಕಾಣಲಿಲ್ಲ. ಅದು ನೆಚ್ಚಿದ್ದ ಡಿಜಿಟಲ್ ನಕಾಶೆಯಲ್ಲಿ ದಿಬ್ಬ ಸುಮಾರು ಎಂಟು ನಾಟಿಕಲ್ ಮೈಲಿ ಆಚೆಗೆ ಸರಿದು ಕೂತಿತ್ತು. ಎಳೆದರೆ ಇನ್ನಷ್ಟು ಹವಳ ಪುಡಿಯಾಗುತ್ತದೆಂದು ಹಡಗನ್ನೇ ತುಂಡುತುಂಡಾಗಿ ಕತ್ತರಿಸಿ ಸಾಗಿಸಿದರು. ಹಾಳಾದ ಹವಳ 2,345 ಚದರ ಮೀಟರಿಗೂ ಹೆಚ್ಚು. 2015ರಲ್ಲಿ ಅಮೆರಿಕ ಸುಮಾರು 20 ಲಕ್ಷ ಡಾಲರ್ ಪರಿಹಾರ ತೆತ್ತಿತು. ಇನ್ನು ನೀರು ಬಿಸಿಯಾಗಿ ಹವಳ ಬಿಳುಚುವ ಪಿಡುಗಿಗೆ 150 ಕಿಲೋಮೀಟರ್ ಒಂದು ದೂರವೇ ಅಲ್ಲ.

ಇದೇ ದೂರ ಮುಳುಗುವವನಿಗೆ ಅಪಾಯ. ಗುಳ್ಳೆ ಎದ್ದರೆ ಮದ್ದು ಒಂದೇ: ಒತ್ತಡದ ಕೋಣೆಯೊಳಗೆ ಮಲಗಿಸಿ, ಒತ್ತಡವನ್ನು ಮತ್ತೆ ಏರಿಸಿ, ಗಂಟೆಗಟ್ಟಲೆ ನಿಧಾನವಾಗಿ ಇಳಿಸಬೇಕು. ಅಂಥ ಕೋಣೆ ಹಡಗಿನಲ್ಲಿರುವುದಿಲ್ಲ; ಅಲ್ಲಿರುವುದು ಆಮ್ಲಜನಕದ ಸಿಲಿಂಡರ್, ಮತ್ತು ದಡಕ್ಕೆ ರಾತ್ರಿಯಿಡೀ ಪಯಣ. ಹಾಗಾಗಿ ಏರುವಾಗ ನಿಮಿಷಕ್ಕೆ 9 ಮೀಟರಿಗಿಂತ ವೇಗವಿಲ್ಲ, 5 ಮೀಟರಿನಲ್ಲಿ ಮೂರು ನಿಮಿಷ ತ್ರಿಶಂಕುವಿನಂತೆ ನಿಲ್ಲಲೇಬೇಕು. ಆ ಮೂರು ನಿಮಿಷ ಬೇಸರವೆನ್ನುವವರಿಗೆ ಮಾರ್ಗದರ್ಶಕರು ಕರಗುವುದಿಲ್ಲ.

ಕೊನೆಯ ಮುಳುಗು ಮುಗಿದ ಮೇಲೂ ಖಾತೆ ಮುಚ್ಚುವುದಿಲ್ಲ. ಹಾರುವ ವಿಮಾನದೊಳಗಿನ ಒತ್ತಡ ನೆಲದ ಮೇಲಿನದ್ದರ ಮುಕ್ಕಾಲು ಪಾಲಿಗೆ ಇಳಿಯಬಹುದು. ಸೋಡಾ ಬಾಟಲಿಯ ಗೋಲಿಯನ್ನು ಇನ್ನೊಂದಿಷ್ಟು ಒತ್ತಿದಂತೆ. ಹಲವು ದಿನ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂಬುದು ನಿಯಮ. ಅದಕ್ಕೇ ಹಡಗು ಪೋರ್ಟೊ ಪ್ರಿನ್ಸೆಸಾಕ್ಕೆ ಮರಳಿದ ದಿನ, ವಿಮಾನ ನಿಲ್ದಾಣ ಅದೇ ಊರಿನಲ್ಲಿದ್ದರೂ, ತಿಳಿದವರು ಅತ್ತ ಹೋಗುವುದಿಲ್ಲ. ರಬ್ಬರ್ ದಿರಿಸುಗಳನ್ನು ಸಿಹಿನೀರಿನಲ್ಲಿ ಅದ್ದಿ ಕಟಕಟೆಗೆ ನೇತುಹಾಕಿ, ಮಣಿಕಟ್ಟಿನ ಪುಟ್ಟ ಪರದೆಯ ಮೇಲೆ ಸಣ್ಣ ವಿಮಾನದ ಚಿತ್ರ ಅಳಿಸಿಹೋಗುವುದನ್ನು ಕಾಯುತ್ತಾ ಕೂರುತ್ತಾರೆ.