ಚುಕ್ಕಾಣಿ ಸಡಿಲವಾದಾಗ

ತಾತನ ಕಾಲದಿಂದ ಮನೆಯಲ್ಲಿರುವ ಪದ್ಮಿನಿ ಕಾರು. ಮೂವತ್ತು ವರ್ಷ ಅದನ್ನು ನಡೆಸಿದ ಯಜಮಾನರಿಗೆ ಅದರಲ್ಲಿ ಯಾವ ದೋಷವೂ ಕಾಣದು. ಒಂದು ಭಾನುವಾರ ಮಗನು ಚಾಲಕನ ಪೀಠದಲ್ಲಿ ಕುಳಿತು ಬೀದಿಯ ಕೊನೆಯವರೆಗೆ ಹೋಗಿ, ಬೆವರುತ್ತ ಹಿಂದಿರುಗುತ್ತಾನೆ.

“ಅಪ್ಪಾ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ತಾನು ಹೋಗುತ್ತದಲ್ಲ!”

“ಹಳೆಯ ಗಾಡಿಯಪ್ಪ, ಸ್ವಲ್ಪ ಆಡುತ್ತದೆ. ಅಭ್ಯಾಸವಾದರೆ ಸರಿಹೋಗುತ್ತದೆ.”

ಹಳೆಯ ಕಾರುಳ್ಳ ಮನೆಗಳಲ್ಲಿ ಇಂಥ ಮಾತು ಅಪರೂಪವಲ್ಲ. ಆದರೆ ಅಪಾಯ ಅಡಗಿರುವುದು ಆ ಅಭ್ಯಾಸದಲ್ಲಿಯೇ. ಚುಕ್ಕಾಣಿಯ ಸಡಿಲವು ಒಂದು ದಿನದಲ್ಲಿ ಬರುವುದಲ್ಲ. ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಬೆಳೆಯುತ್ತದೆ. ಚಾಲಕನ ಕೈಯೂ ಅಷ್ಟಷ್ಟೇ ಅದಕ್ಕೆ ಹೊಂದಿಕೊಳ್ಳುತ್ತದೆ. ದೋಷವನ್ನು ಕಾಣುವವನು ಹೊಸಬನೇ ಹೊರತು ಒಡೆಯನಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. 40 ಸೆಂಟಿಮೀಟರ್ ವ್ಯಾಸದ ಸ್ಟಿಯರಿಂಗ್ ಚಕ್ರದ ಅಂಚು 10 ಸೆಂಟಿಮೀಟರ್ ವ್ಯರ್ಥವಾಗಿ ಸರಿದರೆ, ಸುಮಾರು 30 ಡಿಗ್ರಿಗಳಷ್ಟು ತಿರುಗಿದರೂ ಗಾಲಿಗೆ ಸುದ್ದಿಯೇ ಮುಟ್ಟಲಿಲ್ಲವೆಂದಾಯಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಆ ವ್ಯರ್ಥ ಚಲನೆಯಲ್ಲಿ ಅರ್ಧ ಸೆಕೆಂಡು ಕಳೆದರೆ 8 ಮೀಟರ್ ದಾರಿ ಚಾಲಕನ ಅಂಕೆಯಿಲ್ಲದೆ ಸರಿದುಹೋಗಿರುತ್ತದೆ. ಎದುರಿನಿಂದ ಲಾರಿ ಬರುತ್ತಿರುವಾಗ 8 ಮೀಟರ್ ಅಲ್ಪವಲ್ಲ.

ಕೈಯ ಆಜ್ಞೆ ಗಾಲಿಯನ್ನು ತಲುಪುವ ಮಾರ್ಗ ನೇರವಾದುದಲ್ಲ. ಪದ್ಮಿನಿಯಂಥ ಕಾರಿನಲ್ಲಿ ಸ್ಟಿಯರಿಂಗಿನ ದಂಡವು ಮೊದಲು ಒಂದು ಪೆಟ್ಟಿಗೆಯನ್ನು ಹೊಗುತ್ತದೆ. ಅದರೊಳಗೆ ‘ವರ್ಮ್’ ಎಂಬ ಸುರುಳಿ ಹಲ್ಲಿನ ತುಂಡು ತಿರುಗಿ, ಹೊರಗಿನ ತೋಳನ್ನು ಆಡಿಸುತ್ತದೆ. ಆ ತೋಳು ಟೈ ರಾಡುಗಳನ್ನು ಎಳೆದು ನೂಕಿ ಗಾಲಿಗಳನ್ನು ತಿರುಗಿಸುತ್ತದೆ. ಪ್ರತಿಯೊಂದು ಸಂಧಿಯಲ್ಲಿಯೂ ಗುಂಡಿನಾಕಾರದ ಕೀಲು, ಇಲ್ಲವೆ ಬುಷ್. ಅಂಬಾಸಡರ್ ಕಾರಿನಲ್ಲಿ ಈ ಪೆಟ್ಟಿಗೆಯ ಬದಲು ಹಲ್ಲಿನ ಸರಳೊಂದು ಅಡ್ಡಲಾಗಿ ಸರಿಯುತ್ತದೆ; ಅದೇ ರ‍್ಯಾಕ್. ಅದರ ತುದಿಗಳ ರಬ್ಬರ್ ಹೊದಿಕೆ ಹರಿದರೆ ಧೂಳು, ನೀರು ಒಳಸೇರಿ ಸವೆತ ಬೇಗ ಆರಂಭವಾಗುತ್ತದೆ. ಪದ್ಮಿನಿಯ ತಯಾರಿಕೆ ಎಂದೋ ನಿಂತಿತು. ಅಂಬಾಸಡರಿನದು 2014ರಲ್ಲಿ ಮುಗಿಯಿತು. ಆದುದರಿಂದ ಇಂದು ಓಡುತ್ತಿರುವ ಇಂಥ ಯಾವ ಕಾರಿನಲ್ಲಿಯೂ ಈ ಸಂಧಿಗಳನ್ನು ಪರೀಕ್ಷಿಸದೆ ನಂಬುವಂತಿಲ್ಲ.

ಸಡಿಲ ಕಂಡೊಡನೆ ಕೆಲವರು ಹೂಡುವ ಉಪಾಯವೊಂದುಂಟು. ಪೆಟ್ಟಿಗೆಯ ಮೇಲಿನ ಸ್ಕ್ರೂವನ್ನು ಒಂದಿಷ್ಟು ಬಿಗಿದುಬಿಡುವುದು. ಐದು ನಿಮಿಷದ ಕೆಲಸ. ಆಟ ಕಡಮೆಯಾದಂತೆಯೂ ತೋರುತ್ತದೆ. ಆದರೆ ಕಾರು ತನ್ನ ಆಯುಷ್ಯದ ಬಹುಭಾಗ ನೇರವಾಗಿಯೇ ಓಡಿರುತ್ತದೆಯಾದ್ದರಿಂದ ವರ್ಮಿನ ನಡುಭಾಗ ಹೆಚ್ಚು ಸವೆದು, ಪಕ್ಕದ ಭಾಗಗಳು ಹೊಸದರಂತೆಯೇ ಉಳಿದಿರುತ್ತವೆ. ನಡುವಿನ ಸವೆತಕ್ಕೆ ತಕ್ಕಂತೆ ಬಿಗಿದರೆ, ತಿರುವಿನಲ್ಲಿ ಪಕ್ಕದ ಹಲ್ಲುಗಳು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಸಡಿಲವಾದ ಚುಕ್ಕಾಣಿಗಿಂತ ತಿರುವಿನಲ್ಲಿ ಹಿಡಿದುಕೊಳ್ಳುವ ಚುಕ್ಕಾಣಿ ಕೆಟ್ಟದ್ದು. ಸ್ಕ್ರೂವಿನ ಸರದಿ ಕೊನೆಯದೇ ಹೊರತು ಮೊದಲನೆಯದಲ್ಲ.

ಸರಿಯಾದ ಕ್ರಮವೆಂದರೆ ರೋಗದ ಸ್ಥಾನವನ್ನು ಮೊದಲು ಹುಡುಕುವುದು. ಇದಕ್ಕೆ ಇಬ್ಬರು ಬೇಕು. ಟೈರುಗಳಲ್ಲಿ ಗಾಳಿ ಸರಿಯಾಗಿದೆಯೆ ಎಂದು ಮೊದಲೇ ನೋಡಿಕೊಂಡು, ಕಾರನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಇಂಜಿನ್ ಆರಿಸಬೇಕು. ಒಬ್ಬರು ಮೇಲೆ ಕುಳಿತು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸುತ್ತಿರಲಿ. ಇನ್ನೊಬ್ಬರು ಕೆಳಗೆ ನಿಂತು ಒಂದೊಂದು ಸಂಧಿಯ ಮೇಲೂ ಬೆರಳಿಟ್ಟು ನೋಡಲಿ. ಯಾವ ಕೀಲಿನ ಒಂದು ಬದಿ ಅಲುಗಿ ಇನ್ನೊಂದು ಬದಿ ಸುಮ್ಮನಿರುವುದೋ ಅದೇ ಸವೆದ ಕೀಲು. ಕೆಲವೊಮ್ಮೆ ಪೆಟ್ಟಿಗೆಯನ್ನು ಚೌಕಟ್ಟಿಗೆ ಹಿಡಿದಿಟ್ಟ ಬೋಲ್ಟುಗಳೇ ಸಡಿಲವಾಗಿ, ಇಡೀ ಪೆಟ್ಟಿಗೆಯೇ ಅಲುಗುವುದುಂಟು.

ಆಮೇಲೆ ಸಮತಟ್ಟಾದ ನೆಲದಲ್ಲಿ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ತಲೆಯಿಡಬಾರದು. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಆಟ ಕಂಡರೆ, ಸಹಾಯಕನಿಂದ ಬ್ರೇಕು ಒತ್ತಿಸಿ ಮತ್ತೆ ಅಲುಗಿಸಬೇಕು. ಆಟ ಮಾಯವಾದರೆ ದೋಷ ಗಾಲಿಯ ಬೇರಿಂಗಿನದು. ಹಾಗೆಯೇ ಉಳಿದರೆ ಗಾಲಿ ತಿರುಗಲು ಆಧಾರವಾದ ಪಿನ್ನು ಮತ್ತು ಬುಷ್‌ಗಳದು. ಎಡಬಲಗಳಲ್ಲಿ ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡಿನ ತುದಿಯ ಕೀಲುಗಳ ಮೇಲೆ ಸಂಶಯ ಪಡಬೇಕು.

ಸವೆದ ಕೀಲನ್ನು ಬದಲಾಯಿಸಬೇಕು. ಬಡಿದು ಬಿಗಿಮಾಡುವುದು ಪರಿಹಾರವಲ್ಲ. ನಟ್ಟು ಬಿಗಿದ ಮೇಲೆ ಹಳೆಯ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಮಾಡಿ ತೂರಿಸದೆ ಹೊಸದನ್ನು ಹಾಕಿಸಬೇಕು. ನಟ್ಟು ಬಿಚ್ಚಿಕೊಳ್ಳದಂತೆ ಕಾಯುವುದು ಆ ಚಿಕ್ಕ ತಂತಿಯೇ. ಬಳಿಕ ಗಾಲಿಗಳ ಅಲೈನ್‌ಮೆಂಟ್ ಮಾಡಿಸುವುದು ಅವಶ್ಯಕ. ಇಷ್ಟಾದರೂ ಆಟ ಉಳಿದರೆ ಪೆಟ್ಟಿಗೆಯ ಸ್ಕ್ರೂವನ್ನು ಮುಟ್ಟಬಹುದು. ಆಗಲೂ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ, ಎರಡು ಕೊನೆಗಳವರೆಗೂ ತಿರುಗಿಸಿ, ಎಲ್ಲಿಯೂ ಹಿಡಿಯದೆಂದು ಖಚಿತಪಡಿಸಿಕೊಳ್ಳಬೇಕು. ಹಿಡಿದರೆ ಒಳಗಿನ ಭಾಗಗಳನ್ನೇ ಬದಲಾಯಿಸುವ ಕಾಲ ಬಂದಿತೆಂದು ತಿಳಿಯಬೇಕು.

ಹಳೆಯ ಕಾರನ್ನು ಉಳಿಸಿಕೊಳ್ಳುವುದರಲ್ಲಿ ಮಮತೆಯಿದೆ. ಅದರ ದೋಷವನ್ನೂ ಉಳಿಸಿಕೊಳ್ಳುವುದರಲ್ಲಿ ಮಮತೆಯಿಲ್ಲ. ಮುಂದಿನ ಭಾನುವಾರ ತಂದೆ ಸ್ಟಿಯರಿಂಗ್ ಹಿಡಿದು ಅಲುಗಿಸಲಿ, ಮಗನು ಕೆಳಗಿನಿಂದ ಬೆರಳಿಟ್ಟು ನೋಡಲಿ. ಕೀಲಿಕೈಯನ್ನು ಮಗನ ಕೈಗೆ ಕೊಡುವುದು ಆ ಬಳಿಕ.